ವಿಡಾಲ್ ಟೆಸ್ಟ್ ಪಾಸಿಟಿವ್ ಬಂದರೆ ಟೈಫಾಯ್ಡ್ ಖಚಿತವೇ?

‘ವಿಡಾಲ್ ಪಾಸಿಟಿವ್ ಬಂದಿದೆ, ಟೈಫಾಯ್ಡ್ ಅಂತೆ.’ ಜ್ವರ ಬಂದವರ ಲ್ಯಾಬ್ ರಿಪೋರ್ಟ್ ಫೋಟೊ ಇಂಥ ಒಂದು ಸಾಲಿನ ಜೊತೆ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ. ಹಿಂದೆಯೇ ಯಾರೋ ಒಬ್ಬರು, ಹೋದ ವರ್ಷ ತಮಗೆ ಬರೆದುಕೊಟ್ಟಿದ್ದ ಮಾತ್ರೆಯ ಹೆಸರನ್ನೂ ಕಳಿಸುತ್ತಾರೆ. ಆ ರಿಪೋರ್ಟ್ ನಿಜಕ್ಕೂ ಹೇಳುವುದೇನು? ನೋಡೋಣ.

ಟೈಫಾಯ್ಡ್ ತರುವುದು ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ. ಕಲುಷಿತ ನೀರು, ಆಹಾರದ ಮೂಲಕ ಇದು ದೇಹ ಸೇರುತ್ತದೆ. ಆದರೆ ವಿಡಾಲ್ ಟೆಸ್ಟ್ ಈ ಬ್ಯಾಕ್ಟೀರಿಯಾವನ್ನು ಹುಡುಕುವುದೇ ಇಲ್ಲ! ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಫ್ರಾನ್ಸಿನ ವೈದ್ಯ ಫೆರ್ನಾಂ ವಿಡಾಲ್ 1896ರಲ್ಲಿ ರೂಪಿಸಿದ ಪರೀಕ್ಷೆ ಇದು, ಪೆನಿಸಿಲಿನ್‌ಗಿಂತಲೂ ಹಳೆಯದು. ಅಗ್ಗ, ಬೇಗ ಫಲಿತಾಂಶ ಸಿಗುತ್ತದೆ, ಹಾಗಾಗಿ ಇನ್ನೂ ಬಳಕೆಯಲ್ಲಿದೆ. ರಿಪೋರ್ಟ್‌ನಲ್ಲಿ ‘ಓ’, ‘ಎಚ್’ ಮುಂದೆ ಇರುವ 1:80, 1:160 ಎಂಬ ಅಂಕಿಗಳು ರೋಗದ ತೀವ್ರತೆಯನ್ನು ಹೇಳುವುದಿಲ್ಲ. ರಕ್ತದ ಸೀರಮ್ ಅನ್ನು ಎಷ್ಟು ತೆಳುವಾಗಿಸಿದರೂ ಪ್ರತಿಕ್ರಿಯೆ ಕಂಡಿತು ಎಂಬ ಲೆಕ್ಕ ಅದು, ಅಷ್ಟೇ.

ತೊಡಕು ಇರುವುದು ಇಲ್ಲಿಯೇ. ಹಿಂದೆಂದೋ ಟೈಫಾಯ್ಡ್ ಬಂದು ಹೋಗಿದ್ದರೂ, ಸಾಲ್ಮೊನೆಲ್ಲಾದ ಬೇರೆ ಬಗೆ ತಗುಲಿದ್ದರೂ ಪ್ರತಿಕಾಯಗಳು ರಕ್ತದಲ್ಲಿ ಇರಬಹುದು. ಕೆಲವೊಮ್ಮೆ ಮಲೇರಿಯಾ, ಡೆಂಗಿ ರೋಗಿಗಳಲ್ಲೂ ವಿಡಾಲ್ ಪಾಸಿಟಿವ್ ಬರುತ್ತದೆ. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂಥ ದೇಶದಲ್ಲಿ ಆರೋಗ್ಯವಂತರಲ್ಲೂ ಸಣ್ಣ ಪ್ರಮಾಣ ಕಾಣಸಿಗುತ್ತದೆ. ಉಲ್ಟಾ ಕೂಡ ಆಗುತ್ತದೆ: ಮೊದಲ ವಾರದಲ್ಲಿ ಪ್ರತಿಕಾಯಗಳು ಸಾಕಷ್ಟು ತಯಾರಾಗಿರುವುದಿಲ್ಲ, ಟೈಫಾಯ್ಡ್ ಇದ್ದರೂ ನೆಗೆಟಿವ್ ಬರಬಹುದು. ಟೈಫಾಯ್ಡ್ ಎಂದುಕೊಂಡು ಆ್ಯಂಟಿಬಯೋಟಿಕ್ ನುಂಗುತ್ತಿರುವವರ ಡೆಂಗಿಯನ್ನು ಗಮನಿಸುವವರೇ ಇಲ್ಲದಂತಾಗುವುದು ನಮ್ಮ ನಿಜವಾದ ಆತಂಕ.

ಹತ್ತು ದಿನಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಪ್ರಮಾಣ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಿದರೆ ವಿಡಾಲ್‌ಗೆ ಸ್ವಲ್ಪ ಬೆಲೆ ಬರುತ್ತದೆ. ಜ್ವರದಲ್ಲಿ ಮಲಗಿದವರು ಅಷ್ಟು ದಿನ ಕಾಯುವುದುಂಟೇ!

ಹೆಚ್ಚು ನಂಬಬಹುದಾದದ್ದು ಬ್ಲಡ್ ಕಲ್ಚರ್. ಇದರಲ್ಲಿ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನೇ ಲ್ಯಾಬ್‌ನಲ್ಲಿ ಬೆಳೆಸಿ ಗುರುತಿಸುತ್ತಾರೆ. ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ. ಹಳೆಯ ಕೆಲವು ಔಷಧಗಳಿಗೆ ಟೈಫಾಯ್ಡ್ ಬ್ಯಾಕ್ಟೀರಿಯಾ ಜಗ್ಗದಂತಾಗಿರುವುದರಿಂದ ಈ ಮಾಹಿತಿ ಮುಖ್ಯ. ಹೋದ ವರ್ಷದ ಮಾತ್ರೆ ಈ ವರ್ಷ ಕೆಲಸ ಮಾಡಬೇಕೆಂದೇನೂ ಇಲ್ಲ. ಆದರೆ ಕಲ್ಚರ್ ಕೂಡ ಪರಿಪೂರ್ಣವಲ್ಲ. ಫಲಿತಾಂಶಕ್ಕೆ ಕೆಲವು ದಿನ ಬೇಕು, ಹತ್ತು ಟೈಫಾಯ್ಡ್ ರೋಗಿಗಳಲ್ಲಿ ಸುಮಾರು ಆರು ಜನರನ್ನು ಮಾತ್ರ ಹಿಡಿಯುತ್ತದೆ. ಆದ್ದರಿಂದಲೇ ವೈದ್ಯರು ಜ್ವರದ ಏರಿಳಿತ, ಹೊಟ್ಟೆಯ ತೊಂದರೆ, ಊರಿನಲ್ಲಿ ಹರಡಿರುವ ಕಾಯಿಲೆ ಎಲ್ಲವನ್ನೂ ರಿಪೋರ್ಟ್ ಜೊತೆಗಿಟ್ಟು ನೋಡುತ್ತಾರೆ.

ಕಲ್ಚರ್‌ಗೆ ರಕ್ತ ಕೊಡಬೇಕಾದದ್ದು ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲು. ಮೆಡಿಕಲ್ ಶಾಪಿನಿಂದ ತಂದು ಎರಡೇ ಮಾತ್ರೆ ನುಂಗಿದ್ದರೂ ಅದನ್ನು ವೈದ್ಯರಿಗೆ ತಿಳಿಸಿ. ಇಲ್ಲವಾದರೆ ಏನೂ ಬೆಳೆಯದ ಕಲ್ಚರ್ ನೋಡಿ ಟೈಫಾಯ್ಡ್ ಇಲ್ಲವೆಂದು ಅವರು ತಪ್ಪು ತಿಳಿಯಬಹುದು.