ಮನೋವೈದ್ಯದಲ್ಲಿ ಜನಾಂಗ, ಸಂಸ್ಕೃತಿ ಮತ್ತು ವರ್ಣಭೇದ

ರೋಗಿಯ ಬಣ್ಣ ಮತ್ತು ಮೂಲವನ್ನು ನೋಡಿ ರೋಗಕ್ಕೆ ಹೆಸರಿಡುವುದು, ಅದರ ಮೇಲೆ ಚಿಕಿತ್ಸೆಯನ್ನು ಬದಲಿಸುವುದು, ಕೆಲವೊಮ್ಮೆ ರೋಗವೇ ಇಲ್ಲದ ಕಡೆ ರೋಗವನ್ನು ಕಾಣುವುದು ಮನೋವೈದ್ಯದ ಚರಿತ್ರೆಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಇಂದಿನವರೆಗೂ ನಡೆದುಬಂದಿದೆ. ಮನಸ್ಸಿನ ಕಾಯಿಲೆಯನ್ನು ವೈದ್ಯರು ಬಹುಪಾಲು ಮಾತು ಮತ್ತು ನಡವಳಿಕೆಯಿಂದಲೇ ಗುರುತಿಸಬೇಕು. ಯಾವ ಮಾತು ಸಹಜ, ಯಾವ ಸಿಟ್ಟು ನ್ಯಾಯವಾದದ್ದು, ಯಾವ ಭಯಕ್ಕೆ ಕಾರಣವಿದೆ ಎಂದು ತೀರ್ಮಾನಿಸುವವರು ಒಂದು ಸಮಾಜಕ್ಕೆ ಸೇರಿದವರು, ಎದುರಿಗೆ ಕುಳಿತವರು ಆ ಸಮಾಜ ತುಳಿದಿಟ್ಟವರು ಎಂದಾದಾಗ ತಪ್ಪುಗಳು ಒಂದೇ ದಿಕ್ಕಿಗೆ ವಾಲುತ್ತವೆ. ಅಮೆರಿಕ, ಆಫ್ರಿಕದ ವಸಾಹತುಗಳು ಮತ್ತು ಬ್ರಿಟನ್ನಿನ ದಾಖಲೆಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಅಮೆರಿಕದ ದಕ್ಷಿಣ ರಾಜ್ಯವಾದ ಲೂಸಿಯಾನಾದಲ್ಲಿ 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಕಪ್ಪು ಜನರ ಕಾಯಿಲೆಗಳ ಬಗ್ಗೆ ಒಂದು ವರದಿ ಪ್ರಕಟಿಸಿದ. ಯಜಮಾನನಿಂದ ತಪ್ಪಿಸಿಕೊಂಡು ಓಡಿಹೋಗುವ ಗುಲಾಮರಿಗೆ ಇರುವುದು ಮನೋರೋಗ ಎಂಬುದು ಅದರ ಒಂದು ನಿರ್ಣಯ. ಆ ರೋಗಕ್ಕೆ ಗ್ರೀಕ್ ಮೂಲದಿಂದ ‘ಡ್ರಾಪೆಟೊಮೇನಿಯಾ’ ಎಂಬ ಹೆಸರನ್ನೂ ಕಟ್ಟಿದ. ಕೆಲಸದಲ್ಲಿ ನಿರುತ್ಸಾಹ ತೋರುವವರಿಗೆ, ಉಪಕರಣಗಳನ್ನು ಹಾಳುಮಾಡುವವರಿಗೆ ಇನ್ನೊಂದು ರೋಗದ ಹೆಸರು ಸಿದ್ಧವಿತ್ತು. ಗುಲಾಮರನ್ನು ಮಕ್ಕಳಂತೆ ಅಂಕೆಯಲ್ಲಿಡಬೇಕು, ಅತೃಪ್ತಿಯ ಸುಳಿವು ಕಂಡರೆ ಚಾಟಿಯೇಟು ಕೊಡಬೇಕು ಎಂಬುದು ಅವನ ಸಲಹೆ. ಉತ್ತರದ ಕೆಲವು ವೈದ್ಯರು ಆಗಲೇ ಇದನ್ನು ಗೇಲಿ ಮಾಡಿದ್ದರು. ಆದರೆ ಕಾರ್ಟ್‌ರೈಟ್ ಮೂಲೆಯಲ್ಲಿ ಕುಳಿತ ಹುಚ್ಚನಾಗಿರಲಿಲ್ಲ. ಗೌರವಸ್ಥ ವೈದ್ಯ, ಅವನ ಬರಹ ಅಚ್ಚಾದದ್ದು ನ್ಯೂ ಆರ್ಲಿಯನ್ಸಿನ ವೈದ್ಯಕೀಯ ಪತ್ರಿಕೆಯಲ್ಲಿ. ಬಿಡುಗಡೆಯ ಬಯಕೆಯನ್ನೇ ಕಾಯಿಲೆಯೆಂದು ಕರೆಯಲು ಶಾಸ್ತ್ರದ ಭಾಷೆ ಒದಗಿಬಂತು ಎಂಬುದೇ ಇಲ್ಲಿ ಗಮನಿಸಬೇಕಾದ ವಿಷಯ.

ಅದಕ್ಕೂ ಮೊದಲೇ ಅಂಕಿಅಂಶಗಳ ಮೂಲಕ ಇದೇ ವಾದ ಹರಡಿತ್ತು. 1840ರ ಅಮೆರಿಕದ ಜನಗಣತಿಯ ಪ್ರಕಾರ ಉತ್ತರದಲ್ಲಿ ಸ್ವತಂತ್ರರಾಗಿದ್ದ ಕಪ್ಪು ಜನರಲ್ಲಿ ಬುದ್ಧಿಭ್ರಮಣೆ ದಕ್ಷಿಣದ ಗುಲಾಮರಲ್ಲಿ ಇದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸ್ವಾತಂತ್ರ್ಯ ಸಿಕ್ಕರೆ ಇವರಿಗೆ ತಲೆ ಕೆಡುತ್ತದೆ, ಗುಲಾಮಗಿರಿಯೇ ಇವರಿಗೆ ಕ್ಷೇಮ ಎಂದು ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜಾನ್ ಕಾಲ್ಹೂನ್ ಈ ಲೆಕ್ಕವನ್ನು ಮುಂದಿಟ್ಟು ವಾದಿಸಿದ. ಮ್ಯಾಸಚೂಸೆಟ್ಸಿನ ವೈದ್ಯ ಎಡ್ವರ್ಡ್ ಜಾರ್ವಿಸ್ ಮೊದಲು ಈ ಅಂಕಿಗಳನ್ನು ನಂಬಿದ್ದರು; ಊರೂರಿನ ಲೆಕ್ಕ ತೆಗೆದು ನೋಡಿದಾಗ ಬೆಚ್ಚಿಬಿದ್ದರು. ಒಬ್ಬನೇ ಒಬ್ಬ ಕಪ್ಪು ನಿವಾಸಿಯೂ ಇಲ್ಲದ ಊರುಗಳಲ್ಲಿ ಕಪ್ಪು ಹುಚ್ಚರ ಸಂಖ್ಯೆ ದಾಖಲಾಗಿತ್ತು. ವೂಸ್ಟರ್ ಪಟ್ಟಣದ ಪಟ್ಟಿಯಲ್ಲಿದ್ದ 133 ಮಂದಿ ‘ಕಪ್ಪು ಬುದ್ಧಿಭ್ರಮಿತರು’ ವಾಸ್ತವದಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಬಿಳಿಯ ರೋಗಿಗಳು. ಕಪ್ಪು ವೈದ್ಯ ಜೇಮ್ಸ್ ಮೆಕ್ಯೂನ್ ಸ್ಮಿತ್ ಕೂಡ ಈ ಲೆಕ್ಕದ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು. ಗಣತಿಯನ್ನು ಸರ್ಕಾರ ತಿದ್ದಲೇ ಇಲ್ಲ.

ಗುಲಾಮಗಿರಿ ರದ್ದಾದ ಮೇಲೆ ಬಣ್ಣಕ್ಕೆ ತಕ್ಕಂತೆ ಬೇರೆ ಬೇರೆ ಆಸ್ಪತ್ರೆಗಳ ಕಾಲ ಬಂತು. ಮೇರಿಲ್ಯಾಂಡ್ ರಾಜ್ಯದ ಕ್ರೌನ್ಸ್‌ವಿಲ್‌ನಲ್ಲಿ ಕಪ್ಪು ರೋಗಿಗಳಿಗೆಂದೇ ಆಸ್ಪತ್ರೆ ಕಟ್ಟಲು ಹೊರಟಾಗ 1911ರಲ್ಲಿ ಮೊದಲು ಕರೆತಂದದ್ದು ಹನ್ನೆರಡು ಮಂದಿ ರೋಗಿಗಳನ್ನು. ಕಾಡು ಕಡಿದು, ನೆಲ ಹದಮಾಡಿ, ತಮ್ಮನ್ನು ಕೂಡಿಹಾಕುವ ಕಟ್ಟಡವನ್ನು ಕಟ್ಟುವ ಕೆಲಸಕ್ಕೆ ರೋಗಿಗಳನ್ನೇ ಹಚ್ಚಲಾಯಿತು. ಚಿಕಿತ್ಸೆ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಮೆ. ಆ ಆಸ್ಪತ್ರೆ ಶತಮಾನದ ನಡುಭಾಗದ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ತುಂಬಿತುಳುಕಿತು, ಮುಚ್ಚಿದ್ದು 2004ರಲ್ಲಿ.

ಬ್ರಿಟಿಷರ ಭಾರತದಲ್ಲಿಯೂ ಹುಚ್ಚಾಸ್ಪತ್ರೆಗಳಿಗೆ ಬಣ್ಣದ ಗೋಡೆ ಇತ್ತು. ಈಸ್ಟ್ ಇಂಡಿಯಾ ಕಂಪನಿ ತನ್ನ ಯೂರೋಪಿಯನ್ ಮನೋರೋಗಿಗಳಲ್ಲಿ ಅನೇಕರನ್ನು ಹಡಗು ಹತ್ತಿಸಿ ಲಂಡನ್ನಿನ ಪೆಂಬ್ರೋಕ್ ಹೌಸಿಗೆ ಕಳಿಸುತ್ತಿತ್ತು. ಆಳುವ ಜನ ಬುದ್ಧಿ ಕಳೆದುಕೊಂಡು ಬೀದಿಯಲ್ಲಿ ಅಲೆಯುವುದನ್ನು ಆಳಿಸಿಕೊಳ್ಳುವವರು ನೋಡಬಾರದು ಎಂಬ ಚಿಂತೆ ಅದರ ಹಿಂದೆ ಇತ್ತು. ರಾಂಚಿಯಲ್ಲಿ 1918ರಲ್ಲಿ ತೆರೆದ ಆಸ್ಪತ್ರೆ ಯೂರೋಪಿಯನ್ನರಿಗೆ ಮತ್ತು ಆಂಗ್ಲೋ-ಇಂಡಿಯನ್ನರಿಗೆ ಮೀಸಲು. ಭಾರತೀಯರಿಗೆ ರಾಂಚಿಯ ಕಾಂಕೆಯಲ್ಲಿ ಬೇರೆ ಆಸ್ಪತ್ರೆ ಬಂದದ್ದು 1925ರಲ್ಲಿ.

ಆಫ್ರಿಕದಲ್ಲಿ ಈ ವಿಂಗಡಣೆ ಸಿದ್ಧಾಂತದ ಮಟ್ಟಕ್ಕೆ ಏರಿತು. ಅಲ್ಜೀರಿಯಾದಲ್ಲಿ ಫ್ರೆಂಚ್ ಮನೋವೈದ್ಯ ಆಂಟ್ವಾನ್ ಪೊರೋ ಮತ್ತು ಅವನ ಶಿಷ್ಯರು ಉತ್ತರ ಆಫ್ರಿಕದ ಮುಸ್ಲಿಮನ ಮಿದುಳೇ ಕೀಳು ರಚನೆಯದು, ಹಿಂಸೆ ಅವನ ಹುಟ್ಟುಗುಣ ಎಂದು ಬೋಧಿಸಿದರು. ಕೆನ್ಯಾದಲ್ಲಿ ಕೆಲಸ ಮಾಡಿದ ಜೆ.ಸಿ. ಕ್ಯಾರೊದರ್ಸ್ ಸಹಜ ಆಫ್ರಿಕನ್ನನನ್ನು ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆಯಾದ ಯೂರೋಪಿಯನ್ನನಿಗೆ ಹೋಲಿಸಿದ. ಅವನ ಗ್ರಂಥವನ್ನು 1953ರಲ್ಲಿ ಪ್ರಕಟಿಸಿದ್ದು ವಿಶ್ವ ಆರೋಗ್ಯ ಸಂಸ್ಥೆ. ಕೆನ್ಯಾದಲ್ಲಿ ವಸಾಹತು ಆಳ್ವಿಕೆಯ ವಿರುದ್ಧ ಮಾವ್ ಮಾವ್ ದಂಗೆ ಎದ್ದಾಗ ಬ್ರಿಟಿಷ್ ಸರ್ಕಾರ ಇದೇ ವೈದ್ಯನನ್ನು ಕರೆಸಿ, ದಂಗೆಕೋರರ ಮನಸ್ಸನ್ನು ವಿವರಿಸುವ ವರದಿ ಬರೆಸಿಕೊಂಡಿತು. ಭೂಮಿ ಕಳೆದುಕೊಂಡ ಕಿಕುಯು ಜನರ ಸಿಟ್ಟು ರಾಜಕೀಯ ಪ್ರಶ್ನೆಯಾಗಿ ಉಳಿಯದೆ ಮನಸ್ಸಿನ ಗೊಂದಲವಾಯಿತು.

ಕ್ಯಾರೊದರ್ಸನ ಗ್ರಂಥ ಹೊರಬಂದ 1953ರಲ್ಲೇ ಫ್ರಾಂಟ್ಸ್ ಫನೋನ್ ಅಲ್ಜೀರಿಯಾದ ಬ್ಲೀಡಾ-ಜ್ವಾನ್‌ವಿಲ್ ಆಸ್ಪತ್ರೆಗೆ ಬಂದರು. ಮಾರ್ಟಿನೀಕ್ ದ್ವೀಪದ ಕಪ್ಪು ವೈದ್ಯ, ಫ್ರಾನ್ಸಿನಲ್ಲಿ ಕಲಿತವರು. ಯೂರೋಪಿಯನ್ ಹೆಂಗಸರ ವಾರ್ಡಿನಲ್ಲಿ ಅವರು ಆರಂಭಿಸಿದ ಹಬ್ಬ, ಪತ್ರಿಕೆ, ಸಭೆಗಳಿಗೆ ಒಳ್ಳೆಯ ಫಲ ಸಿಕ್ಕಿತು. ಮುಸ್ಲಿಂ ಗಂಡಸರ ವಾರ್ಡಿನಲ್ಲಿ ಅದೇ ಕ್ರಮ ಪೂರಾ ಸೋತಿತು. ಪೊರೋನ ಶಿಷ್ಯರಾಗಿದ್ದರೆ ರೋಗಿಗಳ ಮಿದುಳನ್ನು ದೂರುತ್ತಿದ್ದರು. ಫನೋನ್ ಮತ್ತು ಸಹೋದ್ಯೋಗಿ ಜಾಕ್ ಅಜೂಲೆ ತಮ್ಮ ಕ್ರಮವನ್ನೇ ದೂರಿದರು. ಫ್ರಾನ್ಸಿನ ಬದುಕನ್ನು ಇಲ್ಲಿನವರ ಮೇಲೆ ಹೇರಿದ್ದೇ ತಪ್ಪು ಎಂದು 1954ರಲ್ಲಿ ಬರೆದರು. ಆಮೇಲೆ ವಾರ್ಡಿಗೆ ಸ್ಥಳೀಯ ಶೈಲಿಯ ಕಾಫಿ ಅಂಗಡಿ ಬಂತು, ಮುಸ್ಲಿಂ ಹಬ್ಬಗಳು ಬಂದವು, ಕತೆ ಹೇಳುವವನೊಬ್ಬ ಬಂದ. ನೈಜೀರಿಯಾದ ಅಬೆಯೊಕುಟಾದಲ್ಲಿ ಥಾಮಸ್ ಅಡೆಯೊಯೆ ಲ್ಯಾಂಬೊ ಇನ್ನೂ ಮುಂದೆ ಹೋದರು. ರೋಗಿ ಮತ್ತು ಅವನ ಬಂಧು ಇಬ್ಬರನ್ನೂ ಆಸ್ಪತ್ರೆಯ ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಇರಿಸಿದರು, ನಾಟಿ ವೈದ್ಯರನ್ನೂ ಜೊತೆಗೆ ಸೇರಿಸಿಕೊಂಡರು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅಮೃತಸರದಲ್ಲಿ ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿ ಮನೆಯವರನ್ನು ರೋಗಿಯ ಜೊತೆಗೇ ಉಳಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ರೋಗಿಯೊಂದಿಗೆ ಮನೆಯವರು ಉಳಿಯುವ ಪದ್ಧತಿ ಬೇರೂರಿದೆ. ಅಮ್ಮನೋ ಅಣ್ಣನೋ ಪಕ್ಕದಲ್ಲಿ ಇರುವುದನ್ನು ಪಾಶ್ಚಾತ್ಯ ಆಸ್ಪತ್ರೆಗಳು ಅಡ್ಡಿಯೆಂದು ಕಂಡ ಕಾಲದಲ್ಲಿ, ಅದನ್ನೇ ಚಿಕಿತ್ಸೆಯ ಭಾಗ ಮಾಡಿಕೊಂಡ ಈ ವೈದ್ಯರ ಕೊಡುಗೆ ದೊಡ್ಡದು. ಸಂಸ್ಕೃತಿಯನ್ನು ರೋಗಿಯ ಕೊರತೆಯೆಂದು ನೋಡದೆ ಅವನ ಆಸರೆಯೆಂದು ನೋಡಿದವರು ಇವರು.

ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಹೋರಾಟ ಕಾವೇರಿದಾಗ ಹಳೆಯ ರೋಗ ಹೊಸ ಹೆಸರಿನಲ್ಲಿ ಮರಳಿತು. 1968ರಲ್ಲಿ ಇಬ್ಬರು ಮನೋವೈದ್ಯರು ಹೋರಾಟದ ಮಾತುಗಳಿಂದ ಕೆರಳಿದ ಕಪ್ಪು ಗಂಡಸರಲ್ಲಿ ‘ಪ್ರತಿಭಟನೆಯ ಮನೋವಿಕಾರ’ವನ್ನು ಕಂಡರು. ಅದೇ ವರ್ಷ ಬಂದ ಅಮೆರಿಕನ್ ರೋಗನಿರ್ಣಯ ಕೈಪಿಡಿಯ ಎರಡನೆಯ ಆವೃತ್ತಿ ಸಂಶಯಪ್ರಧಾನ ಸ್ಕಿಜೋಫ್ರೇನಿಯಾದ ವಿವರಣೆಗೆ ಹಗೆತನ ಮತ್ತು ಆಕ್ರಮಣಶೀಲತೆಯನ್ನು ಸೇರಿಸಿತು. ಮಿಷಿಗನ್ನಿನ ಅಯೋನಿಯಾ ಆಸ್ಪತ್ರೆಯ ಕಡತಗಳನ್ನು ಓದಿದ ಜೊನಾಥನ್ ಮೆಟ್ಜೆಲ್, ಹಿಂದೆ ಮೃದುಸ್ವಭಾವದ ಬಿಳಿಯರ ಕಾಯಿಲೆ ಎನಿಸಿದ್ದ ಸ್ಕಿಜೋಫ್ರೇನಿಯಾ ಆ ದಶಕದಲ್ಲಿ ಸಿಟ್ಟಿನ ಕಪ್ಪು ಗಂಡಸಿನ ಕಾಯಿಲೆಯಾಗಿ ಬದಲಾದ ಬಗೆಯನ್ನು 2010ರ ಪುಸ್ತಕದಲ್ಲಿ ವಿವರಿಸಿದ್ದಾರೆ. 1974ರಲ್ಲಿ ಮನೋವೈದ್ಯರ ಪತ್ರಿಕೆಯಲ್ಲಿ ಬಂದ ಹಾಲ್ಡಾಲ್ ಮಾತ್ರೆಯ ಜಾಹೀರಾತಿನಲ್ಲಿ ನಗರದ ಬೀದಿಯಲ್ಲಿ ಮುಷ್ಟಿ ಬಿಗಿದ ಕಪ್ಪು ಮನುಷ್ಯನ ಚಿತ್ರವಿತ್ತು. ಮಾತ್ರೆ ಮಾರಲು ಆ ಮುಷ್ಟಿ ಸಾಕಾಗಿತ್ತು. ಇದೇ ಹೊತ್ತಿನಲ್ಲಿ, 1969ರಲ್ಲಿ, ಕಪ್ಪು ಮನೋವೈದ್ಯರು ತಮ್ಮದೇ ಸಂಘ ಕಟ್ಟಿಕೊಂಡರು. ಅವರ ಮುಂದಾಳುಗಳಲ್ಲಿ ಒಬ್ಬರಾದ ಚೆಸ್ಟರ್ ಪಿಯರ್ಸ್ ದಿನನಿತ್ಯದ ಸಣ್ಣಸಣ್ಣ ಅವಮಾನಗಳು ಮನಸ್ಸನ್ನು ಸವೆಸುವುದನ್ನು ‘ಮೈಕ್ರೋ ಅಗ್ರೆಶನ್’ ಎಂದು ಹೆಸರಿಸಿದರು.

ಬ್ರಿಟನ್ನಿನಲ್ಲಿ ಪ್ರಶ್ನೆ ತಿರುಗಿದ್ದು ಕೆರಿಬಿಯನ್ ಮೂಲದವರ ಸುತ್ತ. ಅವರಲ್ಲಿ ಸ್ಕಿಜೋಫ್ರೇನಿಯಾ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚು ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿದವು. 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಇದನ್ನು ಸುಮಾರು ಒಂಬತ್ತು ಪಟ್ಟು ಎಂದಿತು. ಅನುವಂಶೀಯ ಕಾರಣ ಎನ್ನೋಣವೆಂದರೆ ಜಮೈಕಾದಲ್ಲಿ ಆ ಪ್ರಮಾಣ ಇಲ್ಲ. ದಕ್ಷಿಣ ಲಂಡನ್ನಿನಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ತಮ್ಮವರು ವಿರಳವಾಗಿರುವ ಬಡಾವಣೆಗಳಲ್ಲಿ ಬದುಕುವ ಅಲ್ಪಸಂಖ್ಯಾತರಿಗೆ ರೋಗ ಹೆಚ್ಚು ತಗಲುವುದು ಕಂಡಿತು. ಹಾಗಾದರೆ ಒಂಟಿತನ, ಬಡತನ, ಅವಮಾನಗಳೂ ಲೆಕ್ಕಕ್ಕೆ ಬರಬೇಕು. ಎಲ್ಲವೂ ವೈದ್ಯರ ತಪ್ಪು ನಿರ್ಣಯ ಎನ್ನಲೂ ಬರುವುದಿಲ್ಲ. 1990ರಲ್ಲಿ ಬ್ರಿಟಿಷ್ ಮನೋವೈದ್ಯರಿಗೆ ಒಂದೇ ರೋಗಿಯ ವಿವರವನ್ನು ಬಣ್ಣ ಬದಲಿಸಿ ಕೊಟ್ಟಾಗ, ಕಪ್ಪು ರೋಗಿಗೆ ಅವರು ಸ್ಕಿಜೋಫ್ರೇನಿಯಾದ ಹಣೆಪಟ್ಟಿಯನ್ನು ಹೆಚ್ಚಾಗಿ ಹಚ್ಚಲಿಲ್ಲ. ಆದರೆ ಅವನು ಹಿಂಸೆಗೆ ಇಳಿಯಬಹುದೆಂದು ಹೆಚ್ಚಾಗಿ ಭಾವಿಸಿದರು. ಭಯ ಅಡಗಿದ್ದ ಜಾಗ ಅದು.

ಶ್ರೀಲಂಕಾ ಮೂಲದ ಮನೋವೈದ್ಯ ಸುಮನ್ ಫರ್ನಾಂಡೊ ಈ ಚರ್ಚೆಗೆ ನೇರವಾದ ಮಾತು ತಂದರು. 1988ರಿಂದ ಬರೆದ ಪುಸ್ತಕಗಳಲ್ಲಿ ಅವರು ವಾದಿಸಿದ್ದು: ‘ಸಂಸ್ಕೃತಿಯನ್ನು ಅರಿಯೋಣ’ ಎನ್ನುವುದು ಬಹಳ ಸಲ ವರ್ಣಭೇದದ ಮಾತನ್ನು ತಪ್ಪಿಸುವ ದಾರಿಯಾಗುತ್ತದೆ, ರೋಗಿಯ ಪದ್ಧತಿಗಳನ್ನು ಪಟ್ಟಿಮಾಡುವ ಆಸ್ಪತ್ರೆ ತನ್ನ ಪದ್ಧತಿಯನ್ನು ಪ್ರಶ್ನಿಸಿಕೊಳ್ಳುವುದಿಲ್ಲ. ಹಾಗೆಂದು ಸಂಸ್ಕೃತಿಯ ಅರಿವು ಬೇಡವೆಂದಲ್ಲ. ಇಂಗ್ಲೆಂಡಿನ ಬೆಡ್‌ಫರ್ಡಿನ ಪಂಜಾಬಿಗಳು ‘ಎದೆ ಕುಸಿಯುತ್ತದೆ’ ಎಂದು ಹೇಳುವ ಸಂಕಟದಲ್ಲಿ ಹೃದಯದ ನೋವು, ಮಾನದ ಚಿಂತೆ, ಖಿನ್ನತೆ ಎಲ್ಲವೂ ಬೆರೆತಿರುತ್ತವೆ. ಭಾರತ ಮೂಲದ ಜಾಫರ್ ಕರೀಮ್ 1983ರಲ್ಲಿ ಲಂಡನ್ನಿನಲ್ಲಿ ತೆರೆದ ನಫ್ಸಿಯಾತ್ ಕೇಂದ್ರ ಇಂಥವರಿಗೆ ಅವರವರ ಭಾಷೆಯಲ್ಲಿ ಮಾತಿನ ಚಿಕಿತ್ಸೆ ಕೊಟ್ಟಿತು.

1998ರ ಅಕ್ಟೋಬರ್ 30ರಂದು ನಾರಿಚ್ ನಗರದ ನಾರ್ವಿಕ್ ಕ್ಲಿನಿಕ್ಕಿನಲ್ಲಿ ಡೇವಿಡ್ ಬೆನೆಟ್ ಸತ್ತಾಗ ಫರ್ನಾಂಡೊ ಹೇಳುತ್ತಿದ್ದುದು ಇಡೀ ದೇಶದ ಕಣ್ಣಿಗೆ ಬಿತ್ತು. ಜಮೈಕಾದಲ್ಲಿ ಹುಟ್ಟಿದ 38 ವರ್ಷದ ಬೆನೆಟ್ ಸಂಗೀತ ಪ್ರಿಯ, ಹಲವು ವರ್ಷಗಳಿಂದ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆಯುತ್ತಿದ್ದವನು. ಕ್ಲಿನಿಕ್ಕಿನಲ್ಲಿ ಇಷ್ಟು ಕಪ್ಪು ರೋಗಿಗಳಿದ್ದರೂ ಸಿಬ್ಬಂದಿಯಲ್ಲಿ ನಮ್ಮವರೊಬ್ಬರೂ ಇಲ್ಲ ಎಂದು 1993ರಲ್ಲೇ ಮೇಲಿನವರಿಗೆ ಪತ್ರ ಬರೆದಿದ್ದ. ಆ ರಾತ್ರಿ ಫೋನಿನ ವಿಷಯಕ್ಕೆ ಜಗಳವಾಗಿ ಬಿಳಿಯ ರೋಗಿಯೊಬ್ಬ ಅವನ ಬಣ್ಣ ಹಿಡಿದು ಬೈದ. ಬೇರೆ ವಾರ್ಡಿಗೆ ಸಾಗಿಸಿದ್ದು ಬೆನೆಟ್‌ನನ್ನು. ಅಲ್ಲಿ ಅವನು ನರ್ಸೊಬ್ಬರಿಗೆ ಹೊಡೆದಾಗ ಸಿಬ್ಬಂದಿ ಅವನನ್ನು ಮುಖ ಕೆಳಗಾಗಿ ನೆಲಕ್ಕೆ ಒತ್ತಿ ಇಪ್ಪತ್ತೈದು ನಿಮಿಷಗಳಷ್ಟು ಹೊತ್ತು ಹಿಡಿದರು. ಅವನ ಉಸಿರು ನಿಂತಿತು. ಅವನ ಸೋದರಿ ಜೊವಾನಾ ಬೆನೆಟ್ ವರ್ಷಗಟ್ಟಲೆ ಪಟ್ಟುಹಿಡಿದ ಮೇಲೆ ನಿವೃತ್ತ ನ್ಯಾಯಾಧೀಶ ಜಾನ್ ಬ್ಲೋಫೆಲ್ಡ್ ನೇತೃತ್ವದಲ್ಲಿ ವಿಚಾರಣೆ ನಡೆಯಿತು. 2004ರಲ್ಲಿ ಹೊರಬಂದ ವರದಿ ರಾಷ್ಟ್ರೀಯ ಆರೋಗ್ಯ ಸೇವೆಯ ಮನೋವೈದ್ಯ ವಿಭಾಗದಲ್ಲಿ ಸಾಂಸ್ಥಿಕ ವರ್ಣಭೇದ ಇದೆಯೆಂದು ಸ್ಪಷ್ಟವಾಗಿ ಬರೆಯಿತು, ಯಾರನ್ನೂ ಹಾಗೆ ಮೂರು ನಿಮಿಷಕ್ಕಿಂತ ಹೆಚ್ಚು ಒತ್ತಿಹಿಡಿಯಕೂಡದೆಂದು ಶಿಫಾರಸು ಮಾಡಿತು.

ಇಂಥ ಬಲಪ್ರಯೋಗದ ಬಗ್ಗೆ ಶಾಸನ ಬರುವ ಮುನ್ನ ಇನ್ನೂ ಸಾವುಗಳಾದವು. 2010ರಲ್ಲಿ ದಕ್ಷಿಣ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ತಾನಾಗಿಯೇ ಸಹಾಯ ಕೇಳಿ ಬಂದಿದ್ದ 23 ವರ್ಷದ ಓಲಸೇನಿ ಲೂಯಿಸ್‌ನನ್ನು ಹನ್ನೊಂದು ಮಂದಿ ಪೊಲೀಸರು ಒತ್ತಿಹಿಡಿದ ನಂತರ ಅವನು ತೀರಿಕೊಂಡ. ತಂದೆತಾಯಿ ನಡೆಸಿದ ಹೋರಾಟದಿಂದ ಮನೋವೈದ್ಯ ಆಸ್ಪತ್ರೆಗಳಲ್ಲಿ ಬಲಪ್ರಯೋಗವನ್ನು ನಿಯಂತ್ರಿಸುವ ಕಾಯ್ದೆ 2018ರಲ್ಲಿ ಬಂತು. ಜನ ಅದನ್ನು ‘ಸೇನಿ ಕಾಯ್ದೆ’ ಎಂದೇ ಕರೆಯುತ್ತಾರೆ. ಅದೇ ವರ್ಷ ಸೈಮನ್ ವೆಸ್ಲಿ ನೇತೃತ್ವದ ಪರಿಶೀಲನಾ ವರದಿಯೂ ಕಪ್ಪು ಜನರನ್ನು ಮನೋವೈದ್ಯ ಕಾನೂನಿನಡಿ ಬಂಧಿಸಿಡುವುದು ಬಿಳಿಯರಿಗಿಂತ ಬಹಳ ಹೆಚ್ಚು ಎಂದು ತೋರಿಸಿತು. ಆಗಿನ ಸರ್ಕಾರಿ ಅಂಕಿಗಳಂತೆ ಆ ಪ್ರಮಾಣ ಸುಮಾರು ನಾಲ್ಕು ಪಟ್ಟು ಇತ್ತು.

ರೋಗನಿರ್ಣಯದ ಕೈಪಿಡಿಗಳೂ ಮೆಲ್ಲಗೆ ಬದಲಾಗಿವೆ. 2013ರ ಅಮೆರಿಕನ್ ಕೈಪಿಡಿಯಲ್ಲಿ ರೋಗಿ ತನ್ನ ಕಷ್ಟವನ್ನು ಏನೆಂದು ಕರೆಯುತ್ತಾನೆ, ಅದಕ್ಕೆ ಕಾರಣ ಏನೆಂದು ತಿಳಿದಿದ್ದಾನೆ, ಯಾರ ನೆರವು ಬಯಸುತ್ತಾನೆ ಎಂದು ಕೇಳುವ ಹದಿನಾರು ಪ್ರಶ್ನೆಗಳಿವೆ. ಅವುಗಳನ್ನು ಮೊದಲು ಪರೀಕ್ಷಿಸಿ ನೋಡಿದ ಆರು ದೇಶಗಳಲ್ಲಿ ಭಾರತವೂ ಒಂದು. ಅಮೆರಿಕನ್ ಮನೋವೈದ್ಯ ಸಂಘ ತನ್ನ ಹಿಂದಿನ ವರ್ಣಭೇದಕ್ಕೆ 2021ರ ಜನವರಿಯಲ್ಲಿ ಕ್ಷಮೆ ಕೇಳಿತು. ಇಂಗ್ಲೆಂಡಿನ ಆರೋಗ್ಯ ಸೇವೆ 2023ರಲ್ಲಿ ಪ್ರತಿಯೊಂದು ಮನೋವೈದ್ಯ ಟ್ರಸ್ಟ್ ಕೂಡ ಜನಾಂಗೀಯ ಅಸಮಾನತೆಯ ಲೆಕ್ಕವನ್ನು ರೋಗಿಗಳ ಮತ್ತು ಅವರನ್ನು ನೋಡಿಕೊಳ್ಳುವವರ ಮುಂದೆ ಒಪ್ಪಿಸಬೇಕೆಂಬ ಚೌಕಟ್ಟನ್ನು ಜಾರಿಗೆ ತಂದಿತು.