ಗೌರಿ ಹೂವು: ಒಂದು ಬಳ್ಳಿಯ ಹೆಸರುಗಳ ಚರಿತ್ರೆ
ಭಾರತ, ಶ್ರೀಲಂಕಾ ಮತ್ತು ಆಫ್ರಿಕಗಳಲ್ಲಿ ಸಹಜವಾಗಿ ಬೆಳೆಯುವ ಗೌರಿ ಹೂವಿನ ಬಳ್ಳಿ ಮಳೆ ಬಿದ್ದೊಡನೆ ನೆಲದೊಳಗಿನ ಗೆಡ್ಡೆಯಿಂದ ಚಿಗುರಿ ಬೇಲಿ, ಪೊದೆಗಳನ್ನು ಏರುತ್ತದೆ. ಇದಕ್ಕೆ ಬೇರೆ ಕುಡಿಗಳಿಲ್ಲ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಅಂಚು ಅಲೆಅಲೆಯಾದ ಆರು ಎಸಳುಗಳು ಹಿಂದಕ್ಕೆ ಬಾಗಿ, ಹಸಿರು ಬೆರೆತ ಹಳದಿಯಿಂದ ದಿನಗಳೆದಂತೆ ಕೆಂಪಿಗೆ ತಿರುಗುತ್ತವೆ. 1753ರಲ್ಲಿ ಲಿನೇಯಸ್ ಇದನ್ನು ‘ಗ್ಲೋರಿಯೋಸಾ ಸುಪರ್ಬಾ’ ಎಂದು ಕರೆದಾಗ ಆ ಹೆಸರಿಗೆ ಸಿಕ್ಕಿದ್ದು ಹೂವಿನ ವೈಭವ ಮಾತ್ರ. ಬಳ್ಳಿಯ ಪೂರ್ತಿ ಚರಿತ್ರೆ ಉಳಿದಿರುವುದು ಜನ ಇಟ್ಟ ಹೆಸರುಗಳಲ್ಲಿ. ಅವುಗಳಲ್ಲೂ ಗೆಡ್ಡೆಯನ್ನು ಕುರಿತ ಹೆಸರುಗಳಿಗೆ ತೂಕ ಹೆಚ್ಚು.

ಹೂವಿನ ಹೆಸರುಗಳು ಪೂಜೆ ಮತ್ತು ಕಾವ್ಯದ ಕಡೆಯವು. ಮಲೆನಾಡಿನಲ್ಲಿ ಭಾದ್ರಪದದ ಗೌರಿ ಪೂಜೆಗೆ ಒದಗುವುದರಿಂದ ಗೌರಿ ಹೂವು; ಜ್ವಾಲೆಯ ಬಣ್ಣದಿಂದ ಅಗ್ನಿಶಿಖೆ. ಸಂಗಂ ಕಾಲದ ತಮಿಳು ಕಾವ್ಯ ‘ಕುರಿಂಜಿಪ್ಪಾಟ್ಟು’ ಎಣಿಸುವ ಹೂಗಳಲ್ಲಿ ಮೊದಲನೆಯದೇ ಸೆಂಗಾಂದಳ್, ಅಂದರೆ ತಮಿಳರು ಕಾಂದಳ್ ಎನ್ನುವ ಇದೇ ಹೂವು. ಗೆಡ್ಡೆಯ ಹೆಸರುಗಳು ರೈತರ, ವೈದ್ಯರ ಕಡೆಯವು. ಕವಲೊಡೆದು ಬಾಗಿದ ಗೆಡ್ಡೆ ನೇಗಿಲನ್ನು ಹೋಲುವುದರಿಂದ ಸಂಸ್ಕೃತದಲ್ಲಿ ಲಾಂಗಲಿ, ತಮಿಳಿನಲ್ಲಿ ಕಲಪ್ಪೈ ಕಿಳಂಗು. ತಮಿಳಿನದು ಸಂಸ್ಕೃತದ ಅನುವಾದವಷ್ಟೇ ಎನ್ನಬಹುದು. ಹಾಗಿದ್ದರೂ, ಗೆಡ್ಡೆ ಅಗೆದವರ ಕಣ್ಣಿಗೆ ಹೋಲಿಕೆ ಒಪ್ಪದಿದ್ದರೆ ಆ ಹೆಸರು ಆಡುಮಾತಿನಲ್ಲಿ ನಿಲ್ಲುತ್ತಿರಲಿಲ್ಲ. ಆಯುರ್ವೇದ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿತು. ಗರ್ಭಪಾತಿನಿ ಎಂಬ ಹೆಸರಂತೂ ನೇರ ಎಚ್ಚರಿಕೆ. 1915ರಲ್ಲಿ ರಸಾಯನ ವಿಜ್ಞಾನಿಗಳು ಈ ಗೆಡ್ಡೆಯಲ್ಲಿ ಗುರುತಿಸಿದ ಕಾಲ್ಚಿಸಿನ್, ಆ ಹಳೆಯ ಎಚ್ಚರಿಕೆಗೆ ಸಿಕ್ಕ ಪುರಾವೆ. ಈ ವಸ್ತು ಜೀವಕೋಶಗಳ ವಿಭಜನೆಯನ್ನೇ ತಡೆಯುತ್ತದೆ. ಗೆಣಸೆಂದು ತಿಂದವರಿಗೆ ಮೊದಲು ವಾಂತಿಭೇದಿ, ಬದುಕುಳಿದರೆ ಒಂದೆರಡು ವಾರಗಳಲ್ಲಿ ತಲೆಗೂದಲು ಉದುರುವುದು ಇದರಿಂದಲೇ.

ರೂಢಿನಾಮಗಳು ಗೊಂದಲ ಹುಟ್ಟಿಸುತ್ತವೆ, ಶಾಸ್ತ್ರೀಯ ನಾಮವೊಂದೇ ಸಾಕು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಂಸ್ಕೃತದಲ್ಲಿ ಅಗ್ನಿಶಿಖ ಎಂದರೆ ಕೇಸರಿಯೂ ಹೌದು; ಮದ್ದಿನ ಅಂಗಡಿಯಲ್ಲಿ ಇಂಥ ಗೊಂದಲ ಪ್ರಾಣಕ್ಕೇ ಎರವಾದೀತು. ಗಿಡವನ್ನು ಖಚಿತವಾಗಿ ಗುರುತಿಸಲು ಲಿನೇಯಸ್‌ನ ಹೆಸರೇ ಬೇಕು. ಆದರೆ ಆ ಹೆಸರು ಗೆಡ್ಡೆಯ ವಿಷದ ಬಗ್ಗೆ ಏನನ್ನೂ ಹೇಳುವುದಿಲ್ಲ, ಗೌರಿ ಹೂವು ಎಂಬುದೂ ಹೇಳುವುದಿಲ್ಲ. ಹೂವಿನ ಹೆಸರಷ್ಟೇ ಬಲ್ಲವರ ಅಂಗಳದಲ್ಲಿ ಗೆಡ್ಡೆ ಇನ್ನಷ್ಟು ಅಪಾಯಕಾರಿ ಎಂಬುದು ಇಲ್ಲಿ ಮುಖ್ಯವಾದ ಮಾತು. ಹೆಸರುಗಳ ಈ ವಿಭಜನೆ ಇಂದಿಗೂ ಜೀವಂತ. ತಮಿಳುನಾಡಿನ ರಾಜ್ಯಪುಷ್ಪ ಕಾಂದಳ್; ಅಲ್ಲಿನ ಧಾರಾಪುರಂ ಸುತ್ತಮುತ್ತಲ ರೈತರು ಕಾಲ್ಚಿಸಿನ್ ತೆಗೆಯುವ ಬೀಜಕ್ಕಾಗಿ ಚಪ್ಪರ ಹಾಕಿ ಇದೇ ಬಳ್ಳಿಯನ್ನು ಬೆಳೆಯುತ್ತಾರೆ, ಬೆಳೆಯನ್ನು ಕರೆಯುವುದು ಮಾತ್ರ ಕಣ್ವಲಿ ಕಿಳಂಗು ಎಂಬ ಗೆಡ್ಡೆಯ ಹೆಸರಿನಿಂದ.