ಕಪ್ಪು ಗಂಟಿನ ತಳ: ಚರ್ಮದ ಕ್ಯಾನ್ಸರಿನ ಆಳವನ್ನು ಬೆಳಕಿನಿಂದ ಅಳೆಯುವ ಕುರಿತು

ಚರ್ಮದ ಗಂಟನ್ನು ಕೊಯ್ಯದೆಯೇ ಅದರ ಒಳಗನ್ನು ನೋಡಬಹುದು ಎಂಬುದರಲ್ಲಿ ಈಗ ವಿವಾದವಿಲ್ಲ. 1991ರಲ್ಲಿ ಎಂಐಟಿಯ ಜೇಮ್ಸ್ ಫುಜಿಮೊಟೊ ತಂಡ ಪ್ರಕಟಿಸಿದ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಅಂದರೆ ಓಸಿಟಿ, ಮೊದಲು ಕಣ್ಣಿಗೆ ಒದಗಿತು. ಅದೇ ದಶಕದಲ್ಲಿ ಚರ್ಮಕ್ಕೂ ಬಂತು. ಒಂದೆರಡು ಮಿಲಿಮೀಟರ್ ಆಳದವರೆಗಿನ ಸೀಳುಚಿತ್ರವನ್ನು ಅದು ಕೊಡುತ್ತದೆ.

ಬೇಸಲ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರಿನ ಮಟ್ಟಿಗೆ ಮುಖ್ಯವಾದದ್ದು ಮಾರ್ಟಿನಾ ಉಲ್ರಿಖ್ ಮತ್ತು ಸಂಗಡಿಗರ 2015ರ ಅಧ್ಯಯನ. 235 ಗಂಟುಗಳಲ್ಲಿ, ಈ ರೋಗವಲ್ಲದ್ದನ್ನು ಅಲ್ಲವೆಂದು ಗುರುತಿಸುವ ಪ್ರಮಾಣ ಬರಿಗಣ್ಣಿಗೆ ಶೇ. 29ರಷ್ಟಿತ್ತು; ಚರ್ಮವನ್ನು ಹಿಗ್ಗಿಸಿ ನೋಡುವ ಡರ್ಮೋಸ್ಕೋಪಿಯಿಂದ 54ಕ್ಕೆ, ಓಸಿಟಿ ಸೇರಿದ ಮೇಲೆ 75ಕ್ಕೆ ಏರಿತು. ಆದರೆ ಅವೆಲ್ಲ ವರ್ಣಕವಿಲ್ಲದ ಗುಲಾಬಿ ಗಂಟುಗಳು. ನಮ್ಮವರಲ್ಲಿ ಈ ಕ್ಯಾನ್ಸರ್ ಬಹುಮಟ್ಟಿಗೆ ಕಪ್ಪಾಗಿಯೇ ಕಾಣಿಸಿಕೊಳ್ಳುತ್ತದೆ. ಆ ಅಂಕಿಯನ್ನು ಇಲ್ಲಿಗೆ ಹಾಗೆಯೇ ತರಲಾಗದು.

ಹಾಗೆಂದು, ಕಪ್ಪು ಚರ್ಮದಲ್ಲಿ ಬೆಳಕೇ ಸೋಲುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ತರಂಗಾಂತರ ಹೆಚ್ಚಿದಂತೆ, ಚರ್ಮದ ಕಪ್ಪು ವರ್ಣಕವಾದ ಮೆಲನಿನ್ ಬೆಳಕನ್ನು ಹೀರುವುದು ಕಡಿದಾಗಿ ಇಳಿಯುತ್ತದೆ. ಬಳಕೆಯಲ್ಲಿರುವ ಸೂತ್ರದಂತೆ ಅದು ತರಂಗಾಂತರದ 3.33ನೆಯ ಘಾತಕ್ಕೆ ವಿಲೋಮ. ಆ ಲೆಕ್ಕದಲ್ಲಿ, ಚರ್ಮವನ್ನು ಕೊಯ್ಯದೆ ನೋಡುವ ಇನ್ನೊಂದು ಸಾಧನವಾದ ಕಾನ್‌ಫೋಕಲ್ ಸೂಕ್ಷ್ಮದರ್ಶಕದ 830 ನ್ಯಾನೋಮೀಟರಿಗಿಂತ ಓಸಿಟಿಯ 1300ರಲ್ಲಿ ಹೀರಿಕೆ ಸುಮಾರು ನಾಲ್ಕೂವರೆ ಪಟ್ಟು ಕಡಿಮೆ. ಸೂತ್ರವನ್ನು ಇಷ್ಟು ದೂರ ಎಳೆಯುವುದು ಪೂರ್ತಿ ಸುರಕ್ಷಿತವಲ್ಲ. ಅಂಕಿಗಿಂತ ಅದು ತೋರುವ ದಿಕ್ಕನ್ನು ನಾನು ನಂಬುತ್ತೇನೆ.

ಹಾಗಾದರೆ ಗಂಟಿನ ಆಳವನ್ನು ಅಳೆಯುವಲ್ಲಿ ತೊಡಕೆಲ್ಲಿ? ನನಗೆ ತೋರುವಂತೆ, ಹೀರಿಕೆಗಿಂತ ಹೆಚ್ಚಾಗಿ ಚದುರಿಕೆಯಲ್ಲಿ. ಮೆಲನಿನ್ನಿನ ವಕ್ರೀಭವನಾಂಕ ಸುಮಾರು 1.7, ಸುತ್ತಲಿನ ಅಂಗಾಂಶದ್ದು 1.4ರ ಆಸುಪಾಸು. ಈ ಅಂತರದಿಂದಲೇ ಅದು ಕಾನ್‌ಫೋಕಲ್ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. 1995ರಲ್ಲಿ ಮಿಲಿಂದ್ ರಾಜಾಧ್ಯಕ್ಷ ತಂಡ ತೋರಿಸಿಕೊಟ್ಟದ್ದೂ ಇದನ್ನೇ. ದಟ್ಟವಾಗಿ ಗುಂಪುಗೂಡಿದ ಅದೇ ಮೆಲನಿನ್ ಓಸಿಟಿಯಲ್ಲಿ ತನ್ನ ಕೆಳಗೆ ನೆರಳು ಬೀಳಿಸಬಲ್ಲದು. ಆಗ ನಾವು ತಳವೆಂದು ಗೆರೆ ಎಳೆದ ಕಡೆ ಮುಗಿದಿರುವುದು ಗಂಟಲ್ಲ, ಬೆಳಕು. ಈ ಬಗೆಯ ತಪ್ಪು ಎರಡೂ ಕಡೆಗೆ ಹಂಚಿಹೋಗುವುದಿಲ್ಲ. ಆಳವನ್ನು ಕಡಿಮೆ ತೋರಿಸುವ ಕಡೆಗೇ ವಾಲುತ್ತದೆ. ಮೇಲುಪದರದ್ದಷ್ಟೇ ಎಂದು ಮುಲಾಮು ಬರೆಸಿಕೊಂಡು ಹೋದ ರೋಗಿಗೆ ಅದು ಸಣ್ಣ ತಪ್ಪಲ್ಲ.

ಆದ್ದರಿಂದ ಕ್ಯಾನ್ಸರ್ ಕೋಶಗಳ ಕಪ್ಪು ಗೂಡಿನ ಕೆಳಗೆ ಒಳಚರ್ಮದ ಕೊಲಾಜನ್ನಿನ ಹೊಳಪು ಮತ್ತೆ ಕಂಡರೆ ಮಾತ್ರ ಆ ಗೆರೆಯನ್ನು ತಳವೆನ್ನಬೇಕು. ಕಾಣದಿದ್ದರೆ ‘ಕನಿಷ್ಠ ಇಷ್ಟು ಆಳ’ ಎಂದೇ ವರದಿಯಲ್ಲಿ ಬರೆಯಬೇಕು. ಕಂಡಾಗಲೂ, ಒಳಚರ್ಮಕ್ಕೆ ಇಳಿದ ತೆಳು ಎಳೆಗಳು ಕಣ್ತಪ್ಪಿರುವ ಸಾಧ್ಯತೆ ಉಳಿದೇ ಇರುತ್ತದೆ.

ನೆರಳಿನಲ್ಲಿ ಮೆಲನಿನ್ನಿನ ಪಾಲೆಷ್ಟು, ಗಂಟಿನ ಮೇಲೆ ಕಟ್ಟಿದ ಹಕ್ಕಳೆಯ ಪಾಲೆಷ್ಟು ಎಂಬುದನ್ನು ಈ ವಾದ ಬಿಡಿಸಲಾರದು. ಅದಕ್ಕೆ ಕಪ್ಪು ಗಂಟುಗಳನ್ನೇ ಆರಿಸಿ, ಓಸಿಟಿ ಹಾದ ಗೆರೆಯ ಮೇಲೆಯೇ ಬಯಾಪ್ಸಿಯ ಸೀಳನ್ನೂ ತೆಗೆದು, ಎರಡನ್ನೂ ಜೋಡಿಸಿ ನೋಡಬೇಕು.